ಮಗ ಓದುವುದಿಲ್ಲ, ಕೌದಿ ಬಿಡಲೇನು?

ಅಕ್ಕಾವ್ರೇ, ನಮ್ಮ ಮನಿ ಹೂಲಿಯಾಗ. ಹತ್ತಿರದ ಇನ್ನೊಂದು ಪಂಚಾಯತಿ ಗ್ರಂಥಾಲಯದಾಗ ಮೇಲ್ವಿಚಾರಕಿ ಆಗೀನಿ. ಸಾಲಿ ಬಿಟ್ಟ ಮ್ಯಾಲೆ ಊರ ಹುಡುಗ್ರು ಬಂದು ಕೂಡ್ತಾವ, ಕಥಿ ಓದಿ ಹೇಳ್ತೀನಿ. ಏಳನೇತ್ತಾ ಓದೂ ನನ್ನ ಮಗ ಮಾತ್ರ ಪುಸ್ತಕ ಮುಟ್ಟೂದಿಲ್ಲ, ಯಾವಾಗ ನೋಡಿದ್ರೂ ಮೊಬೈಲು. "ಊರ ಮಕ್ಕಳನ್ನ ಓದಸ್ತಿ, ನಿನ್ನ ಮಗನ್ನ ನೋಡು" ಅಂತಾರ ಮನ್ಯಾವ್ರು. ರಾತ್ರಿ ಉಂಡ ಮ್ಯಾಲೆ ಅತ್ತಿ ಜೋಡಿ ಕುಂತು ಕೌದಿ ಹೊಲಿಯೂದು ನನಗಿರೂ ಒಂದ ಹವ್ಯಾಸ. ಆ ಹೊತ್ತನ್ನ ಮಗನಿಗೆ ಕೊಡು ಅಂತ ಎಲ್ಲಾರೂ ಹೇಳಾಕತ್ತಾರ. ಕೌದಿ ಬಿಡಲೇನು?

ತಂಗೀ, ಕೌದಿ ಬಿಡಬೇಡಿ.

ಪಂಚಾಯತಿ ಗ್ರಂಥಾಲಯದ ಕೆಲಸವೆಂದರೆ ಕುರ್ಚಿಯಲ್ಲಿ ಕೂತು ಪತ್ರಿಕೆ ಮಡಚಿಡುವುದು ಎಂದು ಈಗಲೂ ನಂಬಿದವರಿದ್ದಾರೆ. 2019ರಲ್ಲಿ ಈ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದವು, ಮರುವರ್ಷ 'ಓದುವ ಬೆಳಕು' ಶುರುವಾಗಿ 6ರಿಂದ 18 ವರ್ಷದವರಿಗೆ ಉಚಿತ ಸದಸ್ಯತ್ವ ಸಿಕ್ಕಿತು, ಈಗ ಅವು ಅರಿವು ಕೇಂದ್ರಗಳು. ಮಕ್ಕಳು ಹೆಚ್ಚಿದಂತೆ ನಿಮ್ಮ ಕೆಲಸವೂ ಹೆಚ್ಚಿತು. ದಿನವಿಡೀ ಊರಿನವರಿಗಾಗಿ ದುಡಿದವರಿಗೆ ತಮ್ಮದೇ ಆದ ಒಂದು ಗಳಿಗೆ ಬೇಕು. ಹಳೇ ಸೀರೆ, ಧೋತರ ಪದರು ಪದರಾಗಿ ಹಾಸಿ ಸೂಜಿ ಓಡಿಸುವಾಗ ನಿಮ್ಮ ತಲೆಯೂ ಹಗುರಾಗುತ್ತದೆ. ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್. ಆರ್. ರಂಗನಾಥನ್ ಮದುವೆಯಾದ ದಿನ ಮಧ್ಯಾಹ್ನವೇ ಕೆಲಸಕ್ಕೆ ಹಾಜರಾದರು ಎಂದು ಅವರ ಬಗ್ಗೆ ಬರೆದವರು ಮೆಚ್ಚಿ ಹೇಳುತ್ತಾರೆ. ಅವರ ಮೇಲೆ ನನಗೆ ಅಪಾರ ಗೌರವವಿದೆ, ಆದರೆ ಆ ಒಂದು ವಿಷಯದಲ್ಲಿ ಅವರನ್ನು ಅನುಸರಿಸಿ ಎಂದು ಯಾವ ಗ್ರಂಥಪಾಲಕರಿಗೂ ಹೇಳಲಾರೆ.

ಈಗ ಮಗನ ಮಾತು. ಊರ ಮಕ್ಕಳು ನಿಮ್ಮ ಹತ್ತಿರ ಯಾಕೆ ಬರುತ್ತಾರೆ? ಬರಲೇಬೇಕು ಎಂದು ಯಾರೂ ಅವರಿಗೆ ಹೇಳಿಲ್ಲ. ಬೇಕಾದ ಪುಸ್ತಕ ಎತ್ತಿಕೊಳ್ಳುತ್ತಾರೆ, ಬೇಸರವಾದರೆ ಇಟ್ಟು ಹೋಗುತ್ತಾರೆ, ಏನು ಕಲಿತೆ ಎಂದು ನೀವು ಕೇಳುವುದಿಲ್ಲ. ನಿಮ್ಮ ಮಗನಿಗೆ ಮಾತ್ರ ಪುಸ್ತಕ ಬೈಗುಳದ ಜೊತೆಗೇ ಬರುತ್ತದೆ. ಅಪ್ಪ ಅಮ್ಮನನ್ನು ಹಂಗಿಸುವುದೂ ಆ ಪುಸ್ತಕದ ನೆಪದಲ್ಲೇ. ಹನ್ನೆರಡು ಹದಿಮೂರರ ಹುಡುಗ ಅದರಿಂದ ದೂರ ಸರಿದದ್ದು ನನಗೆ ಆಶ್ಚರ್ಯವೆನಿಸಲಿಲ್ಲ.

ಹೀಗೆ ಮಾಡಿ ನೋಡಿ. 'ಗರತಿಯ ಹಾಡು' ಮನೆಗೆ ತನ್ನಿ. ವಿಜಯಪುರ ಸೀಮೆಯ ಹಲಸಂಗಿ ಗೆಳೆಯರು ಹೆಣ್ಣುಮಕ್ಕಳ ಬಾಯಿಂದ ಕೇಳಿ ಕೂಡಿಸಿದ ತ್ರಿಪದಿಗಳು ಅವು. ಪುಸ್ತಕವಾಗಿ ಬಂದದ್ದು 1931ರಲ್ಲಿ. ಅದೇ ವರ್ಷ ಮದರಾಸಿನಲ್ಲಿ ರಂಗನಾಥನ್ನರ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳ ಪುಸ್ತಕ ಹೊರಬಂತು. ಓದುಗ ಯಾರೇ ಇರಲಿ, ಅವರಿಗೆ ತಕ್ಕ ಪುಸ್ತಕ ಸಿಗಬೇಕೆಂಬುದು ಅದರಲ್ಲೊಂದು ಸೂತ್ರ. ನಿಮ್ಮ ಅತ್ತೆಯವರ ವಯಸ್ಸಿನವರಿಗೆ ತಕ್ಕ ಪುಸ್ತಕ ಹಲಸಂಗಿಯವರದ್ದು. ತವರು, ತಮ್ಮಂದಿರು, ತೊಟ್ಟಿಲ ಕೂಸು, ಬೀಸುವ ಕಲ್ಲು ಎಲ್ಲಾ ಅದರಲ್ಲಿವೆ.

ರಾತ್ರಿ ಕೌದಿ ಹಾಸಿಕೊಂಡು ಕೂತಾಗ ಮಗನಿಗೆ ಹೇಳಿ: "ನಮ್ಮಿಬ್ಬರ ಕೈಯಾಗೂ ಸೂಜಿ ಐತಿ, ಆಯಿಗೆ ಒಂದೆರಡು ಹಾಡು ಓದಿ ಹೇಳಪಾ." ಓದಿದರೆ ನಿನಗೇ ಒಳ್ಳೆಯದು ಎಂಬ ಮಾತು ಬೇಡವೇ ಬೇಡ. ತನ್ನ ಓದು ಮನೆಯಲ್ಲಿ ಒಬ್ಬರಿಗೆ ಬೇಕಾಗಿದೆ ಎಂದು ಅವನಿಗೆ ಗೊತ್ತಾಗಲಿ, ಅಷ್ಟೇ. ಅವನು ತಡವರಿಸಿ ಓದುತ್ತಾನೆ, ರಾಗ ಬರುವುದಿಲ್ಲ. ಅತ್ತೆಯವರು ಸುಮ್ಮನಿರುತ್ತಾರೆಯೇ? ಹಂಗಲ್ಲೋ, ನಮ್ಮ ಕಡೆ ಹಿಂಗ ಹಾಡ್ತಿದ್ವಿ ಎಂದು ತಮ್ಮ ಪಾಠ ತೆಗೆಯುತ್ತಾರೆ. ಆಗ ನೀವು ನಡುವೆ ಬಾಯಿ ಹಾಕಬೇಡಿ. ಎರಡು ಹಾಡಿಗೇ ಅವನು ಎದ್ದು ಹೋದರೆ ಹೋಗಲಿ. ಮೊಬೈಲನ್ನು ಕಸಿದುಕೊಳ್ಳುವ ಬದಲು, ಆಯಿ ಹಾಡುವುದನ್ನು ಅದರಲ್ಲೇ ರೆಕಾರ್ಡ್ ಮಾಡಿ ಆಮೇಲೆ ನೋಟ್‌ಬುಕ್ಕಿಗೆ ಇಳಿಸು ಎನ್ನಿ. ಹಲಸಂಗಿಯವರೂ ಕೇಳಿ ಬರೆದುಕೊಂಡವರೇ. ಬನದ ಹುಣ್ಣಿಮೆ ಬಂದು, ಯಲ್ಲಮ್ಮನ ಗುಡ್ಡಕ್ಕೆ ಹೋಗುವ ನೆಂಟರು ಮನೆ ತುಂಬಿದಾಗ ಇದೆಲ್ಲ ನಿಂತುಹೋಗುತ್ತದೆ, ಅದಕ್ಕೆ ಮನಸ್ಸು ಕೆಡಿಸಿಕೊಳ್ಳಬೇಡಿ.

ನಿಮ್ಮ ಯಜಮಾನರಿಗೂ ಒಂದು ಕೆಲಸವಿದೆ, ಈ ಪತ್ರವನ್ನು ಅವರಿಗೆ ತೋರಿಸಿ. ಅಣ್ಣಾ, ಮಗ ಇಬ್ಬರಿಗೂ ಸೇರಿದವನು. ರವಿವಾರ ಅವನನ್ನು ನಿಮ್ಮೂರಿನ ಪಂಚಲಿಂಗೇಶ್ವರ ಗುಡಿಗೆ ಕರೆದುಕೊಂಡು ಹೋಗಿ, ಊರಿಗೆ ಪೂಲಿ ಎಂಬ ಹೆಸರಿದ್ದ ಕಾಲದ ಶಾಸನಗಳ ಸುದ್ದಿ ಹೇಳಿ. ಹಳಗನ್ನಡದ ಅಕ್ಷರ ಇಬ್ಬರಿಗೂ ತಿಳಿಯದೆ ಹೋದರೆ ಅವನು ಅಮ್ಮನನ್ನು ಕೇಳಲಿ. ಅದಕ್ಕೆ ಪುಸ್ತಕ ಹುಡುಕಿ ಕೊಡುವುದು ಅವಳಿಗೆ ಗೊತ್ತು. ರಾತ್ರಿ ಅವಳು ಕೌದಿ ಹಿಡಿದು ಕೂತ ಹೊತ್ತಿಗೆ ನೀವೂ ನಿಮ್ಮ ಮೊಬೈಲು ಬದಿಗಿಟ್ಟು ಅಲ್ಲೇ ಕೂಡಿರಿ.