ಮೂರು ದನಿಗಳಲ್ಲಿ ಸಂಗೀತ

ಸಾಧನಗಳು ವಿರಳವಾದಲ್ಲಿ ಕಲೆ ಸೊರಗುವುದೆಂಬ ನಂಬಿಕೆ ಸಾಮಾನ್ಯವಾದುದು. ಮನೆಬಳಕೆಯ ಮೊದಲ ಗಣಕಯಂತ್ರಗಳ ಆಟಗಳಿಗೆ ರಚಿತವಾದ ಸಂಗೀತವು ಈ ನಂಬಿಕೆಯನ್ನು ಮರುಪರಿಶೀಲಿಸುವಂತೆ ಮಾಡುತ್ತದೆ.

1982ರಲ್ಲಿ ಅಮೆರಿಕದಲ್ಲಿ ‘ಕಮೋಡೋರ್ 64’ ಎಂಬ ಗಣಕಯಂತ್ರವು ಮಾರುಕಟ್ಟೆಗೆ ಬಂದಿತು. ಚಿತ್ರ, ಆಟದ ನಿಯಮ, ಸಂಗೀತ ಇವೆಲ್ಲವೂ ಅದರ 64 ಕಿಲೋಬೈಟ್ ಸ್ಮೃತಿಯಲ್ಲಿಯೇ ಅಡಕವಾಗಬೇಕಾಗಿದ್ದಿತು. ಬಾಬ್ ಯಾನ್ನೆಸ್ ರೂಪಿಸಿದ ‘ಸಿಡ್’ ಎಂಬ ಅದರ ಧ್ವನಿಚಿಪ್ ಏಕಕಾಲಕ್ಕೆ ಮೂರು ದನಿಗಳನ್ನು ಮಾತ್ರ ಹೊರಡಿಸಬಲ್ಲುದಾಗಿದ್ದಿತು.

ಇಂಗ್ಲೆಂಡಿನ ರಾಬ್ ಹಬ್ಬರ್ಡ್ ಮೊದಲಾದವರು ಸ್ವರಗಳನ್ನು ಅಂಕಿಗಳಾಗಿ ಬರೆದರು. ಅವುಗಳನ್ನು ನುಡಿಸುವ ಆದೇಶಗಳನ್ನೂ ಅಸೆಂಬ್ಲಿ ಭಾಷೆಯಲ್ಲಿ ತಾವೇ ರಚಿಸಿದರು. ಮೂರು ಸ್ವರಗಳು ಕೂಡಿ ಕೇಳಬೇಕಾದಲ್ಲಿ ಮೂರೂ ದನಿಗಳನ್ನು ಅದಕ್ಕೇ ವ್ಯಯಿಸುವಂತಿರಲಿಲ್ಲ. ಆದುದರಿಂದ ಒಂದೇ ದನಿಯಲ್ಲಿ ಆ ಸ್ವರಗಳನ್ನು ಸೆಕೆಂಡಿಗೆ 50 ಬಾರಿ ಬದಲಿಸುತ್ತ ಓಡಿಸಿದರು. ಕಿವಿಗೆ ಅವು ಒಂದು ಮೇಳವಾಗಿಯೇ ಕೇಳಿಸಿದವು. ಒಂದು ದನಿಯನ್ನು ಕ್ಷಣಮಾತ್ರ ಬರಿಯ ಸದ್ದಾಗಿಸಿ ತಾಳವಾದ್ಯದ ಪೆಟ್ಟನ್ನು ಮೂಡಿಸಿ, ಮರುಕ್ಷಣವೇ ಅದನ್ನು ಮಂದ್ರಸ್ವರಕ್ಕೆ ಇಳಿಸಿದರು. ಪುನರಾವರ್ತಿಸುವ ಸ್ವರಪಂಕ್ತಿಯನ್ನು ಒಮ್ಮೆ ಮಾತ್ರ ಬರೆದಿಟ್ಟು, ಬೇಕಾದೆಡೆ ಕರೆದು ಬಳಸಿದರು. 1985ರ ‘ಮಾಂಟಿ ಆನ್ ದ ರನ್’ ಆಟಕ್ಕೆ ಹಬ್ಬರ್ಡ್ ರಚಿಸಿದ ಸಂಗೀತವನ್ನು ರಸಿಕರು ಇಂದಿಗೂ ಕೇಳುತ್ತಾರೆ.

ಮುಂದೆ ಧ್ವನಿಮುದ್ರಿತ ವಾದ್ಯಗೋಷ್ಠಿಯನ್ನೇ ಆಟಗಳಲ್ಲಿ ಅಳವಡಿಸುವುದು ಸಾಧ್ಯವಾಯಿತು. ಮೂರು ದನಿಗಳ ಕಟ್ಟು ಕಳಚಿತು. ಆದರೆ ಕೈಯಲ್ಲಿರುವ ಸಾಧನದ ಸ್ವಭಾವವನ್ನು ಆಮೂಲಾಗ್ರವಾಗಿ ಅರಿತು ದುಡಿಯುವ ಅಭ್ಯಾಸಕ್ಕೆ ಹಳಮೆಯೆಂಬುದಿಲ್ಲ. ಪ್ರಯೋಗಶಾಲೆಯಲ್ಲಿ ಉಪಕರಣಗಳು ಸಾಲವೆಂದು ಕೈಚೆಲ್ಲುವ ಮುನ್ನ ಶಿಕ್ಷಕರೂ ವಿದ್ಯಾರ್ಥಿಗಳೂ ಇದನ್ನು ನೆನೆಯುವುದು ಉಚಿತ.