ವಿದ್ಯುತ್ ಗಾಡಿಯೂ ಬೆಂಕಿಯ ಭಯವೂ

ಬಂಟವಾಳ, ಬೆಳ್ತಂಗಡಿ, ಮೂಡಬಿದಿರೆ ಕಡೆಯ ಮನೆಯಂಗಳಗಳಲ್ಲಿ ಈಗ ವಿದ್ಯುತ್ ಸ್ಕೂಟರುಗಳೂ ಕಾಣತೊಡಗಿವೆ. “ಅದು ನಿಂತಲ್ಲೇ ಹೊತ್ತಿಕೊಳ್ಳುತ್ತದಂತೆ, ಹೌದೇ?” ಎಂದು ಕೇಳುವವರುಂಟು. ಎಷ್ಟು ಸಲ ಹೊತ್ತುತ್ತದೆ, ಹೊತ್ತಿದರೆ ಹೇಗೆ ಉರಿಯುತ್ತದೆ ಎಂಬುದನ್ನು ಬೇರೆ ಬೇರೆಯಾಗಿ ತಿಳಿಯಬೇಕು.

ಸ್ವೀಡನ್ ದೇಶದಲ್ಲಿ 2022ರಲ್ಲಿ ಸುಮಾರು 6,11,000 ವಿದ್ಯುತ್ ಮತ್ತು ಹೈಬ್ರಿಡ್ ಕಾರುಗಳಲ್ಲಿ 23ಕ್ಕೆ ಬೆಂಕಿ ತಗಲಿತು; 44 ಲಕ್ಷ ಪೆಟ್ರೋಲ್, ಡೀಸೆಲ್ ಕಾರುಗಳಲ್ಲಿ ಸುಮಾರು 3,400ಕ್ಕೆ. ಹಳೆಯ ಕಾರುಗಳು ಪೆಟ್ರೋಲಿನವೇ ಹೆಚ್ಚಾದುದರಿಂದ ಈ ಅಂತರವನ್ನು ಪೂರ್ತಿಯಾಗಿ ಗಾಡಿಯ ಗುಣವೆನ್ನಲಾಗದು. ಅಲ್ಲದೆ ಅಲ್ಲಿಯೂ ಬ್ಯಾಟರಿಯ ಸಣ್ಣ ಗಾಡಿಗಳು ಕಾರುಗಳಿಗಿಂತ ಹೆಚ್ಚು ಸಲ ಸುಟ್ಟವು. ಆದರೂ ಪೆಟ್ರೋಲು ನಿರಪಾಯವೆಂಬ ಭಾವನೆ ತಪ್ಪು. ಹುಲ್ಲು ಕತ್ತರಿಸುವ ಯಂತ್ರಕ್ಕೆಂದು ಬಾಟಲಿಯಲ್ಲಿ ಪೆಟ್ರೋಲು ತಂದು ಒಲೆಯ ಪಕ್ಕದ ಕೋಣೆಯಲ್ಲಿಡುವವರು ಸ್ಕೂಟರಿಗೆ ಹೆದರುವುದು ಸೋಜಿಗವೇ ಸರಿ!

ಬ್ಯಾಟರಿಯ ಬೆಂಕಿಯ ರೀತಿ ಮಾತ್ರ ಬೇರೆ. ಅದರೊಳಗೆ ಸಾಲಾಗಿ ಜೋಡಿಸಿದ ಅನೇಕ ಕೋಶಗಳಿವೆ. ಏಟು, ನೀರು, ತಯಾರಿಯ ದೋಷ, ಸರಿಹೊಂದದ ಚಾರ್ಜರು ಇವುಗಳಿಂದ ಒಂದು ಕೋಶ ಕೆಟ್ಟು ಕಾದರೆ, ಆ ಶಾಖ ಪಕ್ಕದ ಕೋಶಕ್ಕೆ, ಅಲ್ಲಿಂದ ಅದರಾಚೆಗೆ ಹಬ್ಬುತ್ತದೆ. ವಿಷದ ಹೊಗೆ ಏಳುತ್ತದೆ. ಆರಿದಂತೆ ಕಂಡದ್ದು ಗಂಟೆಗಳ ಮೇಲೆ ಮತ್ತೆ ಹೊತ್ತುವುದೂ ಉಂಟು. 2022ರ ಮಾರ್ಚಿನಲ್ಲಿ ತಮಿಳುನಾಡಿನ ವೆಲ್ಲೂರಿನಲ್ಲಿ ರಾತ್ರಿ ಮನೆಯಲ್ಲಿ ಚಾರ್ಜಿಗೆ ಇಟ್ಟಿದ್ದ ಸ್ಕೂಟರ್ ಹೊತ್ತಿ, ತಂದೆಯೂ ಮಗಳೂ ಹೊಗೆಯಲ್ಲಿ ಉಸಿರುಗಟ್ಟಿ ತೀರಿಕೊಂಡರು. ಅದೇ ವರ್ಷದ ಡಿಸೆಂಬರಿನಿಂದ ಸರಕಾರವು ಬ್ಯಾಟರಿ ಪರೀಕ್ಷೆಯ ನಿಯಮಗಳನ್ನು ಬಿಗಿಗೊಳಿಸಿತು.

ಆದುದರಿಂದ ರೈತರು ಮೊದಲು ಯೋಚಿಸಬೇಕಾದುದು, ರಾತ್ರಿ ಗಾಡಿ ಎಲ್ಲಿರುತ್ತದೆ ಎಂಬುದನ್ನು. ನಮ್ಮಲ್ಲಿ ಪ್ಲಗ್ಗು ಸಿಗುವುದು ಜಗಲಿಯಲ್ಲಿ, ಇಲ್ಲವೆ ಹಟ್ಟಿಯ ಪಕ್ಕದಲ್ಲಿ. ಮೇಲೆ ಅಟ್ಟದಲ್ಲಿ ಬೈಹುಲ್ಲು, ಮೂಲೆಯಲ್ಲಿ ಅಡಿಕೆ ಸಿಪ್ಪೆ, ತೆಂಗಿನ ಸೋಗೆ. ಅಲ್ಲಿ ಖಂಡಿತ ಬೇಡ. ಮನೆಯಿಂದ ಹೊರಬರುವ ಬಾಗಿಲಿಗೆ ಅಡ್ಡವಾಗಿಯೂ ಬೇಡ. ಮಾಡು ಇದ್ದು ಗಾಳಿಯಾಡುವ ಪ್ರತ್ಯೇಕ ಜಾಗ, ಅರ್ತ್ ಇರುವ ಪ್ಲಗ್ಗು, ಗಾಡಿಯ ಜೊತೆಗೆ ಬಂದ ಚಾರ್ಜರು ಇವಿಷ್ಟು ಬೇಕು. ಓಡಿಸಿ ಬಂದೊಡನೆ ಚಾರ್ಜಿಗೆ ಹಾಕದೆ ಬ್ಯಾಟರಿ ತಣಿಯಲು ಬಿಡಿ.

ಹೊಳೆಬದಿಯವರಿಗೆ ಇನ್ನೊಂದು ಮಾತು. 1974ರಲ್ಲಿ ಬಂಟವಾಳಕ್ಕೆ ನೇತ್ರಾವತಿ ನುಗ್ಗಿದ್ದು ಹಿರಿಯರಿಗೆ ನೆನಪಿದೆ; 2019ರ ಆಗಸ್ಟಿನ ನೆರೆಯನ್ನು ಬೆಳ್ತಂಗಡಿಯವರು ಕಣ್ಣಾರೆ ಕಂಡವರು. ನೆರೆನೀರಿನಲ್ಲಿ ಮುಳುಗಿದ ಬ್ಯಾಟರಿ ಹೊರಗೆ ಒಣಗಿದರೂ ಒಳಗೆ ಕೆಟ್ಟಿರಬಹುದು, ದಿನಗಳು ಕಳೆದು ಹೊತ್ತಲೂಬಹುದು. ಅಂಥ ಗಾಡಿಯನ್ನು ಮನೆಯಿಂದ ದೂರ ಬಯಲಿನಲ್ಲಿರಿಸಿ, ಬಲ್ಲವರು ಪರೀಕ್ಷಿಸುವ ತನಕ ಚಾರ್ಜಿಗೆ ಹಾಕಬಾರದು.

ಬ್ಯಾಟರಿಯಿಂದ ಹೊಗೆ ಬರತೊಡಗಿದರೆ ಮನೆಮಂದಿಯನ್ನು ಕೂಡಲೇ ಹೊರಗೆ ಕಳುಹಿಸಿ, ಹೊಗೆಯ ಹತ್ತಿರ ಹೋಗದೆ ಸಾಧ್ಯವಾದರೆ ಮೇನ್ ಸ್ವಿಚ್ ತೆಗೆದು ದನಗಳ ಹಗ್ಗ ಬಿಚ್ಚಿ. 112ಕ್ಕೆ ಫೋನ್ ಮಾಡುವಾಗ, ಉರಿಯುತ್ತಿರುವುದು ಬ್ಯಾಟರಿಯ ಗಾಡಿ ಎಂಬುದನ್ನು ಮರೆಯದೆ ತಿಳಿಸಿರಿ.