ವಚನವನ್ನು ಪುಟಕ್ಕೆ ತರುವ ಮುನ್ನ

ಕನ್ನಡ ವಿಕಿಪೀಡಿಯದಲ್ಲಿ ವಚನಕಾರರ ಬಗ್ಗೆ ಬರೆಯುತ್ತಿದ್ದೀರಿ. ಬಿಡುವು ಮಾಡಿಕೊಂಡು, ಒಂದು ಕಾಸೂ ಬಯಸದೆ ಮಾಡುವ ಕೆಲಸ. ನೋಡಿದರೆ ಮನಸ್ಸು ತುಂಬುತ್ತದೆ. ಆದರೆ ವಚನವನ್ನು ಪುಟಕ್ಕೆ ಹಾಕುವಾಗ ಯಾಕಿಷ್ಟು ಅವಸರ? ಆತುರಗಾರನಿಗೆ ಬುದ್ಧಿ ಮಟ್ಟ.

ಒಂದೆರಡು ಸಾಲಾದರೆ ಉದ್ಧರಣ ಚಿಹ್ನೆ ಹಾಕಿ ನಿಮ್ಮ ವಾಕ್ಯದೊಳಗೇ ಸೇರಿಸಿ. ಇಂಗ್ಲಿಷ್ ವಿಕಿಪೀಡಿಯದ ಶೈಲಿ ಕೈಪಿಡಿ ಸುಮಾರು 40 ಪದ ಮೀರಿದ್ದನ್ನು ಪ್ರತ್ಯೇಕವಾಗಿ ಇಡಿ ಎನ್ನುತ್ತದೆ. ಆ ಅಳತೆ ನಮಗೂ ಆಗುತ್ತದೆ. ಅದಕ್ಕೆಂದೇ ಬ್ಲಾಕ್‌ಕೋಟ್ ಟ್ಯಾಗ್ ಇದೆ. ಅದರೊಳಗೆ ಇಟ್ಟ ಮೇಲೆ ಸುತ್ತ ಮತ್ತೆ ಉದ್ಧರಣ ಚಿಹ್ನೆ ಹಾಕಬೇಡಿ.

ಸಾಲಿನ ಮೊದಲಿಗೆ ಒಂದು ಕೋಲನ್ ಒತ್ತಿ ಒಳಗೆ ಸರಿಸುವ ಅಭ್ಯಾಸ ನಿಮ್ಮಲ್ಲಿ ಬಹಳ ಜನರಿಗಿದೆ. ದಯವಿಟ್ಟು ಬಿಡಿ. ನೋಡುವ ಕಣ್ಣಿಗೆ ಅದು ಸರಿಯಾಗಿಯೇ ಕಾಣುತ್ತದೆ, ಒಳಗಿನ ಕೋಡ್‌ನಲ್ಲಿ ಮಾತ್ರ ಅದು ಉದ್ಧರಣೆಯಲ್ಲ, ಪದ ಮತ್ತು ವಿವರಣೆಯ ಪಟ್ಟಿಯ ತುಣುಕು. ಸ್ಕ್ರೀನ್ ರೀಡರ್‌ನಲ್ಲಿ ಕೇಳಿಸಿಕೊಂಡು ಓದುವ ಅಂಧರಿಗೆ ನಿಮ್ಮ ಮಾತು ಎಲ್ಲಿ ಮುಗಿಯಿತು, ಅಕ್ಕಮಹಾದೇವಿಯ ಮಾತು ಎಲ್ಲಿ ಶುರುವಾಯಿತು ಎಂಬುದೇ ತಿಳಿಯುವುದಿಲ್ಲ. ಕೋಲನ್ ಬದಲು ಖಾಲಿ ಜಾಗ ಬಿಟ್ಟರೆ ಇನ್ನೂ ಕೆಟ್ಟದ್ದು: ಸಾಲು ಮಡಚಿಕೊಳ್ಳದೆ ಮೊಬೈಲ್ ಪರದೆಯಿಂದ ಆಚೆ ಓಡುತ್ತದೆ.

ಸಾಲು ಮುರಿಯಲು ಒಮ್ಮೆ ಎಂಟರ್ ಒತ್ತಿದರೆ ವಿಕಿಗೆ ಸಾಲದು, ವಚನದ ಸಾಲುಗಳೆಲ್ಲ ಒಂದಾಗಿಬಿಡುತ್ತವೆ. ಬ್ಲಾಕ್‌ಕೋಟ್ ಒಳಗೆ ಪೊಯೆಮ್ ಟ್ಯಾಗ್ ಹಾಕಿ, ಮುದ್ರಿತ ಪುಸ್ತಕದಲ್ಲಿ ಇದ್ದಂತೆಯೇ ಸಾಲುಗಳು ನಿಲ್ಲುತ್ತವೆ. ಜಾಗ ಉಳಿಸಲೆಂದು ಅಂಕಿತದ ಸಾಲನ್ನೇ ಕತ್ತರಿಸುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಅಂಕಿತವಿಲ್ಲದೆ ವಚನ ಯಾರದೆಂದು ಹೇಳುವುದು ಹೇಗೆ? ಹಳೆಯ ಕಾಗುಣಿತವನ್ನೂ ತಿದ್ದಲು ಹೋಗಬೇಡಿ.

ಆಕರ ಕೊಡಿ. ವಾಟ್ಸಾಪಿನಲ್ಲಿ ಬಂದದ್ದು ಆಕರವಲ್ಲ. ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ 15 ಸಂಪುಟಗಳ ಸಮಗ್ರ ವಚನ ಸಂಪುಟ ಇದೆಯಲ್ಲ, ಸಂಪುಟದ ಸಂಖ್ಯೆ, ವಚನದ ಸಂಖ್ಯೆ ಎರಡನ್ನೂ ಬರೆಯಿರಿ.

ನಾಲ್ಕು ಸಾಲಿನ ಪರಿಚಯಕ್ಕೆ ಹತ್ತು ವಚನ ಸುರಿಯಬೇಡಿ, ಮೂಗಿಗಿಂತ ಮೂಗುತಿ ಭಾರವಾಗುತ್ತದೆ. ಇಡೀ ವಚನಗಳಿಗೆ ವಿಕಿಸೋರ್ಸ್ ಇದೆ, ಕೊಂಡಿ ಕೊಡಿ.

ಹೊಸ ಕವಿಗಳ ವಿಷಯದಲ್ಲಂತೂ ಕೈ ಇನ್ನೂ ಬಿಗಿಯಿರಲಿ. ನಮ್ಮಲ್ಲಿ ಕೃತಿಸ್ವಾಮ್ಯ ಲೇಖಕರು ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ. ಕುವೆಂಪು ತೀರಿಕೊಂಡದ್ದು 1994ರಲ್ಲಿ. ಅವರ ಪೂರ್ತಿ ಕವಿತೆಯನ್ನು ಪುಟಕ್ಕೆ ಇಳಿಸಲು 2054 ಮುಗಿಯುವವರೆಗೂ ಕಾಯಬೇಕು. ಅಲ್ಲಿಯವರೆಗೆ, ಚರ್ಚೆಗೆ ಬೇಕಾದ ಒಂದೆರಡು ಸಾಲು, ಪಕ್ಕದಲ್ಲಿ ಸಂಕಲನದ ಹೆಸರು ಮತ್ತು ಪುಟಸಂಖ್ಯೆ.